ಪಿಂಗಾಣಿ ಪರಾಕ್ರಮ

ವೀರರನ್ನು ತೊಳೆದು, ಒಣಗಿಸಿ, ಕವುಚಿ ಇಡುವ ಕಾಲ ಇದು. ಚಿತ್ರದುರ್ಗದ ಕೋಟೆ ಕೆಳಗಿನ ಯಾವ ಸಭೆಗಾದರೂ ಹೋಗಿ ಬನ್ನಿ, ಬಿ.ದುರ್ಗ ಹೋಬಳಿಯ ಶಾಲಾ ವಾರ್ಷಿಕೋತ್ಸವಕ್ಕೇ ಬೇಕಾದರೂ ಹೋಗಿ, ಮರಳುವಾಗ ಕೈಯಲ್ಲೊಂದು ರಟ್ಟಿನ ಡಬ್ಬಿ ಗ್ಯಾರಂಟಿ. ಸರ್ಕಾರದ ಐದು ಗ್ಯಾರಂಟಿಗಳ ಜೊತೆ ಇದು ಆರನೆಯದು. ಡಬ್ಬಿ ಬಿಚ್ಚಿದರೆ ಒಳಗೆ ಬಿಳಿ ಪಿಂಗಾಣಿ ಕಪ್ಪು. ಕಪ್ಪಿನ ಹೊಟ್ಟೆಯ ಮೇಲೆ ಒನಕೆ ಎತ್ತಿ ನಿಂತ ಓಬವ್ವ. ಅವಳ ಕಾಲ ಬುಡದಲ್ಲಿ, ಶತ್ರುಗಳ ಹೆಣ ಬೀಳಬೇಕಾದ ಜಾಗದಲ್ಲಿ, ಪ್ರಾಯೋಜಕರ ಹೆಸರು ಮತ್ತು ಮೊಬೈಲ್ ನಂಬರು.

ಹಿಂದೆ ಹೀಗಿರಲಿಲ್ಲ. ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಿದ್ದರು. 2021ರ ಆಗಸ್ಟಿನಲ್ಲಿ ಬೊಮ್ಮಾಯಿಯವರ ಸರ್ಕಾರ, ಅಧಿಕೃತ ಸಮಾರಂಭಗಳಲ್ಲಿ ಹಾರ ತುರಾಯಿ ಶಾಲು ಹಣ್ಣು ಯಾವುದೂ ಬೇಡ, ಕೊಡಲೇಬೇಕೆಂದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಹೊರಡಿಸಿತು. ಒಳ್ಳೆಯ ಆದೇಶ. ಆದರೆ ಪುಸ್ತಕದಲ್ಲಿ ಒಂದು ಐಬಿದೆ: ಇಸಕೊಂಡವರು ಓದಿಬಿಟ್ಟರೆ ಏನು ಗತಿ ಎಂಬ ಭಯ ಕೊಟ್ಟವರಿಗೆ, ಓದಲಿಲ್ಲವೇ ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಭಯ ಇಸಕೊಂಡವರಿಗೆ. ಕಪ್ಪಿನಲ್ಲಿ ಆ ತಾಪತ್ರಯವಿಲ್ಲ.

ಇದನ್ನು ತಯಾರಿಸುವ ಬಗೆ ಕೇಳಿದರೆ ಯಾರಾದರೂ ವೀರರಾಗಬಹುದು ಅನಿಸುತ್ತದೆ. ಖಾಲಿ ಕಪ್ಪುಗಳು ಪೆಟ್ಟಿಗೆಗಟ್ಟಲೆ ಬಂದು ಬೀಳುತ್ತವೆ. ಮೈಗೆ ಪ್ಲಾಸ್ಟಿಕ್ಕಿನ ಜಾತಿಯ ಒಂದು ಲೇಪ ಮೊದಲೇ ಬಳಿದಿರುತ್ತದೆ. ಸ್ಟುಡಿಯೋದವನು ಚಿತ್ರವನ್ನು ಕಂಪ್ಯೂಟರಿನಲ್ಲಿ ಕನ್ನಡಿಯ ಬಿಂಬದಂತೆ ಎಡಬಲ ಮಾಡಿ, ಬೇರೊಂದು ಬಗೆಯ ಶಾಯಿಯಲ್ಲಿ ಕಾಗದಕ್ಕಿಳಿಸಿ, ಕಪ್ಪಿಗೆ ಸುತ್ತಿ, ಯಂತ್ರದ ತೆಕ್ಕೆಗೆ ಕೊಡುತ್ತಾನೆ. ಸುಮಾರು 180 ಡಿಗ್ರಿ ಕಾವು, ಮೂರು ನಿಮಿಷ. ಶಾಯಿ ಆವಿಯಾಗಿ ಲೇಪದೊಳಗೆ ಇಳಿಯುತ್ತದೆ. ಎಡಬಲ ಮಾಡಲು ಮರೆತರೆ ಓಬವ್ವ ಎಡಗೈಯವಳಾಗುತ್ತಾಳೆ, ಪ್ರಾಯೋಜಕರ ಹೆಸರು ಯಾವುದೋ ಶಾಸನದ ಲಿಪಿಯಾಗುತ್ತದೆ. ಓಬವ್ವ ಎಡಚಿಯಾದಾಗ ಯಾರೂ ತಕರಾರು ತೆಗೆಯುವುದಿಲ್ಲ. ಹೆಸರು ತಿರುಗಿದರೆ ಮಾತ್ರ ಇಡೀ ಲಾಟು ವಾಪಸು.

ನಿಜವಾದ ಪಿಂಗಾಣಿ ಬಣ್ಣಕ್ಕೆ ಏಳೆಂಟು ನೂರು ಡಿಗ್ರಿಯ ಬೆಂಕಿ ಬೇಕು. ಅಲ್ಲಿ ಬಣ್ಣ ಮೆರುಗಿನೊಳಗೆ ಕರಗಿ ಕೂಡಿಕೊಳ್ಳುತ್ತದೆ, ಇನ್ನೂರು ವರ್ಷವಾದರೂ ಅಲ್ಲಾಡುವುದಿಲ್ಲ. ನಮ್ಮ ಕಪ್ಪಿನ ವೀರರು ಹಾಗೆ ಬೆಂಕಿ ಹಾಯ್ದವರಲ್ಲ, ಬಿಸಿ ತಾಗಿದವರು ಅಷ್ಟೆ. 1754ರಿಂದ 1779ರವರೆಗೆ ದುರ್ಗವನ್ನಾಳಿದ, ಹೈದರನ ಮುತ್ತಿಗೆಯ ಮೇಲೆ ಮುತ್ತಿಗೆಯನ್ನು ತಡೆದು ನಿಂತ ಮದಕರಿನಾಯಕ, ಪಾತ್ರೆ ತಿಕ್ಕುವ ಸ್ಟೀಲ್ ನಾರಿಗೆ ಕೆಲವೇ ತಿಂಗಳಲ್ಲಿ ಶರಣಾಗುತ್ತಾನೆ. ಮೊದಲು ಮೀಸೆ ಹೋಗುತ್ತದೆ. ಆಮೇಲೆ ಕತ್ತಿ. ಕೊನೆಗೆ ಉಳಿಯುವುದು ಪೇಟ ಮತ್ತು 'ನೆನಪಿನ ಕಾಣಿಕೆ' ಎಂಬ ದಪ್ಪ ಅಕ್ಷರ.

ಮೀಸೆ ಅಂದೆ. ಅದು ಅವನದೇ ಮೀಸೆ ಎನ್ನುವುದಕ್ಕೆ ಯಾವ ಆಧಾರ? ಓಬವ್ವನನ್ನು ಎದುರು ಕೂರಿಸಿಕೊಂಡು ಚಿತ್ರ ಬರೆದವರಂತೂ ಯಾರೂ ಇಲ್ಲ. ದುರ್ಗದ ಜನ ಅವಳನ್ನು ಬಾಯಲ್ಲಿ ಕಾಪಾಡಿದರು; ತ.ರಾ.ಸು. ಅವರ ಕಾದಂಬರಿಗಳಿಂದ 1972ರಲ್ಲಿ ಪುಟ್ಟಣ್ಣ ಕಣಗಾಲರು 'ನಾಗರಹಾವು' ಮಾಡಿದಾಗ ಅವಳಿಗೊಂದು ಮುಖ ಸಿಕ್ಕಿತು, ನಟಿ ಜಯಂತಿಯದು. ಅಂದಿನಿಂದ ಕ್ಯಾಲೆಂಡರು, ಸ್ತಬ್ಧಚಿತ್ರ, ಶಾಲೆಯ ವೇಷಭೂಷಣ ಸ್ಪರ್ಧೆ ಎಲ್ಲ ಕಡೆ ಆ ಮುಖದ ಮೊಮ್ಮಕ್ಕಳೇ. ಇದರಲ್ಲಿ ತಪ್ಪೇನೂ ಇಲ್ಲ, ಜಯಂತಿಯವರ ಕಣ್ಣಿಗೆ ಆ ಕಸುವು ಇತ್ತು. ಮುಖ ಸಿಕ್ಕ ಮೇಲೆ ಹುಟ್ಟಿದ ದಿನವೂ ಬೇಕಲ್ಲ! ಅದನ್ನು ಸರ್ಕಾರ 2021ರಲ್ಲಿ ಒದಗಿಸಿತು: ನವೆಂಬರ್ 11. ಜಾತಕ ಬರೆದವರು ಯಾರು ಎಂದು ಕೇಳಬಾರದು. ಹಿಂದಿನ ದಿನ, ಅಂದರೆ ನವೆಂಬರ್ 10, 2015ರಿಂದ ಟಿಪ್ಪು ಜಯಂತಿಯಾಗಿತ್ತು. 2019ರಲ್ಲಿ ಯಡಿಯೂರಪ್ಪನವರ ಸರ್ಕಾರ ಬಂದೊಡನೆ ಅದನ್ನು ಕೈಬಿಟ್ಟಿತು. ಹೈದರನ ಮಗನ ಜಯಂತಿ ಹೋಗಿ ಎರಡು ವರ್ಷಕ್ಕೆ, ಅದರ ಮಗ್ಗುಲ ತಾರೀಕಿನಲ್ಲಿ, ಹೈದರನ ಸೈನಿಕರ ತಲೆ ಒಡೆದವಳ ಜಯಂತಿ. ಇತಿಹಾಸದಲ್ಲಿ ಮುಗಿದ ಯುದ್ಧ ಪಂಚಾಂಗದಲ್ಲಿ ಮುಂದುವರಿದಿದೆ. ಕಪ್ಪಿನ ವ್ಯಾಪಾರಿಗೆ ಇದರಿಂದ ನಷ್ಟವಿಲ್ಲ. ಕಪ್ಪು ಅದೇ, ಕಾಗದ ಬೇರೆ.

ಕಪ್ಪಿಗೆ ಎರಡು ಕೆನ್ನೆ. ಬಲಗೈಯಲ್ಲಿ ಹಿಡಿ ಹಿಡಿದರೆ ಒಂದು ಕೆನ್ನೆ ಕುಡಿಯುವವರ ಕಡೆಗೆ, ಇನ್ನೊಂದು ಎದುರಿಗೆ ಕೂತವರ ಕಡೆಗೆ. ಇಂಥ ವೇದಿಕೆಗಳಲ್ಲಿ ಕೊಡುವ ಕಪ್ಪನ್ನು ಒಮ್ಮೆ ಎತ್ತಿ ನೋಡಿ: ವೀರರು ಕುಡಿಯುವವರ ಕಡೆಗಿರುತ್ತಾರೆ, ಕೊಡುಗೈ ದಾನಿಯ ಭಾವಚಿತ್ರ ಲೋಕದ ಕಡೆಗೆ. ಅತಿಥಿಗಳು ಪ್ರತಿ ಗುಟುಕಿಗೂ ದಾನಿಯನ್ನು ಎತ್ತಿ ಎತ್ತಿ ತೋರಿಸಬೇಕು. ಪಲ್ಲಕ್ಕಿ ಹೊರುವವರಿಗೆ ಹಿಂದೆ ಮಾನ್ಯದ ಹೊಲ ಕೊಡುತ್ತಿದ್ದರಂತೆ; ಇಲ್ಲಿ ಕಪ್ಪೇ ಕೂಲಿ.

ಈ ಕಲೆ ನಾವು ಕಂಡುಹಿಡಿದದ್ದಲ್ಲ ಎಂದು ಒಪ್ಪಲೇಬೇಕು. ಬಿಳಿಯರು ಇದರಲ್ಲಿ ಪಳಗಿದವರು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಸೀಮೆಯ ಕುಂಬಾರರು ರಾಜನ ಮದುವೆ, ಪಟ್ಟ, ಗೆದ್ದ ಯುದ್ಧ, ಸತ್ತ ಸೇನಾಪತಿ ಯಾವುದನ್ನೂ ಬಿಡದೆ ಕಪ್ಪು ತಟ್ಟೆ ಹೂಜಿಗಳ ಮೇಲೆ ಏರಿಸಿದರು. 1805ರ ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ ಸತ್ತ. ಸತ್ತ ಮೇಲೆ ಬಿಯರಿನ ಹೂಜಿಯಾಗಿ ಮನೆಮನೆ ಹೊಕ್ಕ. ವೈರಿಗೂ ಅಲ್ಲಿ ಮರ್ಯಾದೆ ಕಡಿಮೆಯಿಲ್ಲ: ನೆಪೋಲಿಯನ್ನನ ಮುಖವನ್ನು ರಾತ್ರಿ ಮಂಚದ ಕೆಳಗಿಡುವ ಉಚ್ಚೆ ಪಾತ್ರೆಯ ತಳದಲ್ಲಿ ಅಚ್ಚು ಹಾಕಿ ಮಾರಿದರು. ದೇಶಭಕ್ತಿಯನ್ನು ದಿನಕ್ಕೆ ಇಷ್ಟು ಸಲ ಎಂದು ಕಡ್ಡಾಯವಾಗಿ ತೋರಿಸುವಂತೆ ಮಾಡಿದ ಯೋಜನೆ ಇದೊಂದೇ ಇರಬೇಕು. ನಮ್ಮವರಿಗೆ ಇನ್ನೂ ಹೊಳೆದಿಲ್ಲ. ಹೊಳೆದರೆ ಟೆಂಡರ್ ಯಾರಿಗೆ ಎಂಬಲ್ಲಿ ಹೊಡೆದಾಟ.

1936ರಲ್ಲಿ ಅವರಿಗೇ ಒಂದು ಪೆಟ್ಟು ಬಿತ್ತು. ಎಂಟನೆಯ ಎಡ್ವರ್ಡನ ಪಟ್ಟಾಭಿಷೇಕ 1937ರ ಮೇ 12ಕ್ಕೆ ಎಂದು ಗೊತ್ತಾಗಿತ್ತು, ಅವನ ಮುಖದ ಕಪ್ಪುಗಳು ಗೂಡಿನಿಂದ ಇಳಿದು ಸಾಲುಗಟ್ಟಿದ್ದವು. ಡಿಸೆಂಬರಿನಲ್ಲಿ ಆತ ಒಲಿದ ಹೆಣ್ಣಿಗಾಗಿ ಸಿಂಹಾಸನ ಬಿಟ್ಟು ಹೊರಟ. ಅದೇ ತಾರೀಕಿನಲ್ಲಿ ತಮ್ಮನಿಗೆ ಪಟ್ಟವಾಯಿತು, ಕುಂಬಾರರು ಹೊಸ ಮುಖ ಅಂಟಿಸಿದರು. ಆಗದೇ ಹೋದ ಪಟ್ಟದ ಕಪ್ಪುಗಳು ಇವತ್ತಿಗೂ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ನಮ್ಮ ಜಿಲ್ಲಾ ಉಸ್ತುವಾರಿ ಸಚಿವರ ಹೆಸರು ಹಾಕಿಸುವವರು ಈ ಕಥೆಯನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಸಂಪುಟ ವಿಸ್ತರಣೆ ಮುಗಿಯುವ ತನಕ ಆ ಕೆನ್ನೆ ಖಾಲಿ ಬಿಟ್ಟರೆ ಕ್ಷೇಮ.

ಕಪ್ಪಿನ ಮಟ್ಟಿಗೆ ರಷ್ಯಾದವರು ಇನ್ನೂ ಜಾಣರು. 1917ರ ಕ್ರಾಂತಿಯಾದಾಗ ಪೆಟ್ರೊಗ್ರಾಡಿನ ಅರಸು ಪಿಂಗಾಣಿ ಕಾರ್ಖಾನೆಯಲ್ಲಿ ಬಣ್ಣ ಹಾಕದ ಬಿಳಿ ತಟ್ಟೆಗಳು ರಾಶಿ ಬಿದ್ದಿದ್ದವು. ಬೆನ್ನಿಗೆ ಜಾರನ ಮುದ್ರೆ. ಅದರ ಮೇಲೊಂದು ಬಣ್ಣದ ಬೊಟ್ಟಿಟ್ಟು ಮುಚ್ಚಿ, ಮುಂದೆ ಲೆನಿನ್ನನ ಮುಖವನ್ನೂ ಘೋಷಣೆಗಳನ್ನೂ ಬರೆದರು. ದುಡಿಯದವನಿಗೆ ಅನ್ನವಿಲ್ಲ ಎಂಬುದು ಒಂದು ತಟ್ಟೆಯ ಘೋಷಣೆ. ಊರಲ್ಲಿ ಆಗ ದುಡಿದವನಿಗೂ ಅನ್ನ ಇರಲಿಲ್ಲ, ಹೀಗಾಗಿ ತಟ್ಟೆ ಕೊಳೆಯಾಗದೆ ಹೊಸದಾಗಿಯೇ ಉಳಿಯಿತು.

ಇಷ್ಟೆಲ್ಲ ಆಗುವಾಗ ನಮ್ಮವರೊಬ್ಬರೂ ಆ ಗೂಡಿನಲ್ಲಿ ಬೇಯಲಿಲ್ಲವೇ ಎಂದು ಸ್ವಾಭಿಮಾನಿ ಕನ್ನಡಿಗರು ಕೇಳಬಹುದು. ಬೆಂದಿದ್ದಾರೆ, ಸ್ವಲ್ಪ ಸುತ್ತುಬಳಸಿ. ಹೆಕ್ಟರ್ ಮನ್ರೋ ಎಂಬ ಕಂಪನಿಯ ಸೇನಾನಿ ಹೈದರನ ಮೇಲೆ ಕಾದಾಡಿದವನು. ಅವನ ಮಗನನ್ನು 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಎತ್ತಿಕೊಂಡು ಹೋಯಿತು. ಟಿಪ್ಪುವಿನ ಅರಮನೆಯಲ್ಲಿದ್ದ, ಬಿಳಿಯನನ್ನು ಬಗೆಯುವ ಮರದ ಹುಲಿಯನ್ನು 1799ರ ಲೂಟಿಯಲ್ಲಿ ಲಂಡನ್ನಿಗೆ ಹೊತ್ತೊಯ್ದು ಪ್ರದರ್ಶನಕ್ಕಿಟ್ಟರು. ಅದನ್ನೂ ಮನ್ರೋನ ಮಗನ ಸಾವನ್ನೂ ಕಲಸಿದಂತೆ, 1820ರ ಸುಮಾರಿಗೆ ಸ್ಟಾಫರ್ಡ್‌ಶೈರಿನಲ್ಲಿ ಒಂದು ಮಣ್ಣಿನ ಬೊಂಬೆ ಬಂತು: ಹುಲಿಯ ಬಾಯಲ್ಲಿ ತಲೆ ಕೊಟ್ಟು ಮಲಗಿದ ಸಾಹೇಬ. ಮುಖದಲ್ಲಿ ನೋವಿಲ್ಲ, ಸ್ವಲ್ಪ ನಿದ್ದೆ ಬಂದ ಹಾಗಿದೆ. ಆಂಗ್ಲರು ತಮ್ಮ ಸೋಲನ್ನೂ ಬೆಂಕಿಯಲ್ಲಿ ಸುಟ್ಟು, ಅಗ್ಗಿಷ್ಟಿಕೆಯ ಮೇಲಿನ ಹಲಗೆಗೆ ಜೋಡಿಸಿ, ಚಹಾ ಕುಡಿಯುತ್ತ ನೋಡಿದರು. ನಾವು ಗೆಲುವನ್ನು ಮೂರು ನಿಮಿಷ ಬಿಸಿ ಮಾಡುತ್ತೇವೆ.

ಕಾನೂನಿನ ಮಾತು ಬರಲಿ. 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯಿದೆ ಎಂಬುದೊಂದಿದೆ. ಗಾಂಧೀಜಿ, ನೆಹರೂ, ಇಂದಿರಾ ಗಾಂಧಿ, ಛತ್ರಪತಿ ಶಿವಾಜಿ ಇವರ ಹೆಸರನ್ನಾಗಲಿ ಚಿತ್ರವನ್ನಾಗಲಿ ಸರ್ಕಾರದ ಅಪ್ಪಣೆಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಕ್ಯಾಲೆಂಡರಿಗೆ ಮಾತ್ರ ವಿನಾಯಿತಿ, ಅದೂ ಸರಕಿನ ಜಾಹೀರಾತಿಗಾಗಿ ಅಲ್ಲದಿದ್ದರೆ. ಅಂದರೆ ಮಹಾತ್ಮರು ಗೋಡೆಗೆ ತೂಗುಬಿದ್ದಿರಬಹುದು, ಕಪ್ಪಿಗೆ ಅಂಟುವಂತಿಲ್ಲ. ಓಬವ್ವ, ಮದಕರಿನಾಯಕ ಆ ಪಟ್ಟಿಯಲ್ಲಿಲ್ಲ. ದೆಹಲಿಯ ಲೆಕ್ಕದಲ್ಲಿ ನಮ್ಮ ವೀರರನ್ನು ಯಾರು ಎಲ್ಲಿ ಬೇಕಾದರೂ ಒತ್ತಬಹುದು. ಇದನ್ನು ತಾರತಮ್ಯ ಎಂದು ಯಾವ ಸಂಘಟನೆಯೂ ಇದುವರೆಗೆ ಬಂದ್‌ಗೆ ಕರೆ ಕೊಟ್ಟಿಲ್ಲ. ಕೊಟ್ಟರೆ ಕಪ್ಪಿನ ಅಂಗಡಿಯೂ ಮುಚ್ಚಬೇಕಾಗುತ್ತದೆ.

ಪಿಂಗಾಣಿಯಲ್ಲಿ ನಮ್ಮವರ ಅಸಲಿ ಭಕ್ತಿ ನೋಡಬೇಕಾದರೆ ಬಸ್ ನಿಲ್ದಾಣದ ಹಿಂದಿನ ಗೋಡೆಗೆ, ಆಸ್ಪತ್ರೆ ಮೆಟ್ಟಿಲ ತಿರುವಿಗೆ ಹೋಗಬೇಕು. ಅಲ್ಲಿ ಸೊಂಟದೆತ್ತರದಲ್ಲಿ ಟೈಲ್ಸ್ ಅಂಟಿಸಿರುತ್ತಾರೆ: ವೆಂಕಟರಮಣ, ಏಸು, ಮೆಕ್ಕಾ, ಸರ್ವಧರ್ಮ ಸಮ್ಮೇಳನ. ಉಚ್ಚೆ ಹೊಯ್ಯುವವರನ್ನೂ ಎಲೆಅಡಿಕೆ ಉಗಿಯುವವರನ್ನೂ ತಡೆಯುವ ಕೆಲಸ ದೇವರುಗಳ ಪಾಲಿಗೆ ಬಂದಿದೆ. ಆ ಸಾಲಿನಲ್ಲಿ ಒಬ್ಬನಾದರೂ ರಾಷ್ಟ್ರವೀರನನ್ನು ನಾನು ಕಂಡಿಲ್ಲ. ಗೋಡೆಯ ಯಜಮಾನನಿಗೆ ಗೊತ್ತು, ಯಾರ ಮುಖ ಕಂಡರೆ ನಮ್ಮ ಜನ ಕಟ್ಟಿಕೊಳ್ಳುತ್ತಾರೆ, ಯಾರ ಮುಖ ಕಂಡರೆ ಮುಂದುವರಿಸುತ್ತಾರೆ ಎಂದು. ವೀರರ ಬಗ್ಗೆ ನಮಗಿರುವ ಗೌರವ ಎಷ್ಟೆಂದು ಅಳೆಯಲು ಇದಕ್ಕಿಂತ ಪ್ರಾಮಾಣಿಕವಾದ ಸಮೀಕ್ಷೆ ಇನ್ನೊಂದಿಲ್ಲ.

ಹಾಗೆಂದು ದುರ್ಗಕ್ಕೆ ಮಡಕೆಯ ವಿದ್ಯೆ ಗೊತ್ತಿರಲಿಲ್ಲವೆಂದಲ್ಲ. ಕೋಟೆಯ ಬೆನ್ನಿಗಿರುವ ಚಂದ್ರವಳ್ಳಿಯನ್ನು 1929ರಲ್ಲಿ ಎಂ.ಎಚ್. ಕೃಷ್ಣ ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಚಂದ್ರವಳ್ಳಿಯನ್ನೂ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯನ್ನೂ ಅಗೆದರು. ಸಿಕ್ಕಿದ್ದೇನು? ಒಳಗೆ ಕರಿ ಹೊರಗೆ ಕೆಂಪಿನ ಮಡಕೆ, ಕಾವಿ ಬಣ್ಣದ ಮೈಮೇಲೆ ಬಿಳಿ ಗೆರೆ ಎಳೆದ ಬೋಗುಣಿ. ರೋಮಿನ ಅಗಸ್ಟಸ್, ಟೈಬೀರಿಯಸ್ಸರ ನಾಣ್ಯ ಸಿಕ್ಕ ಮಣ್ಣಿನಲ್ಲೇ ಸಿಕ್ಕ ಮಡಕೆಗಳು. ಎರಡು ಸಾವಿರ ವರ್ಷದ ನಂತರವೂ ಆ ಗೆರೆ ಹೋಗಿಲ್ಲ. ಅವುಗಳ ಮೇಲೆ ಯಾವ ರಾಜನ ಮುಖವೂ ಇಲ್ಲ, ದಾನಿಯ ಹೆಸರೂ ಇಲ್ಲ. ಬ್ರಹ್ಮಗಿರಿಯ ಪಕ್ಕದ ಬಂಡೆಯಲ್ಲಿ ಅಶೋಕನ ಶಾಸನವಿದೆ. ಚಕ್ರವರ್ತಿ ಹೇಳಬೇಕಾದ್ದನ್ನು ಕಲ್ಲಿಗೆ ಹೇಳಿದ, ಬಡವರ ಅನ್ನದ ಮಡಕೆಯನ್ನು ಮುಟ್ಟಲಿಲ್ಲ. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನೂ ಕೆರೆಯ ವಿಷಯವನ್ನು ಬಂಡೆಗೇ ಬರೆಸಿದ. ಆ ಕಾಲದಲ್ಲಿ ಪ್ರಚಾರ ಎಲ್ಲಿ, ಊಟ ಎಲ್ಲಿ ಎಂಬ ವಿವೇಕ ಇತ್ತು.

ಈ ರಾಜ್ಯ ಪಿಂಗಾಣಿಯನ್ನು ಘನವಾದ ಕೆಲಸಕ್ಕೆ ಬಳಸಿದ್ದೂ ಉಂಟು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಶುರುವಾಯಿತು. ಮುಂದೆ ಅದು ಬಿಎಚ್‌ಇಎಲ್ ಕೈಗೆ ಹೋಯಿತು. ಅದರ ಮುಖ್ಯ ಕಸುಬು ಕರೆಂಟ್ ಕಂಬದ ಮೇಲೆ ತಂತಿ ಹಿಡಿಯುವ ಪಿಂಗಾಣಿ. ಮಳೆ, ಸಿಡಿಲು, ಹುಡುಗರ ಕವಣೆಕಲ್ಲು ಎಲ್ಲ ತಡೆದುಕೊಂಡು ಊರಿಗೆ ಬೆಳಕು ದಾಟಿಸುತ್ತದೆ. ಅದರ ಮೇಲೆ ಭಾವಚಿತ್ರ ಹಾಕಲು ಯಾವ ಮುಖಂಡರೂ ಮುಂದೆ ಬಂದಿಲ್ಲ, ಎತ್ತರ ಹೆಚ್ಚಾಯಿತು, ಹತ್ತಿದವರಿಗೆ ಶಾಕ್ ಹೊಡೆಯುತ್ತದೆ.

ಕುಂಬಾರರ ಪಾಡನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ದೊಣ್ಣೆ ಯಾರ ಕೈಯಲ್ಲಿದೆ ಎಂದು ಈಗ ಗೊತ್ತಾಗಿದೆ. ಕುಂಬಾರ ಸಮಾಜ ತನ್ನವನೆಂದು ಹೆಮ್ಮೆಪಡುವ ಸರ್ವಜ್ಞನ ಜಯಂತಿಯನ್ನು ಸರ್ಕಾರ ಫೆಬ್ರವರಿ 20ಕ್ಕೆ ಆಚರಿಸುತ್ತದೆ. ತಿಗರಿ ತಿರುಗಿಸುವ ಮನೆತನದ ಕವಿಯ ಹೆಸರಿನಲ್ಲಿ, ಯಂತ್ರದಲ್ಲಿ ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದ ಕಪ್ಪನ್ನು, ಮಣ್ಣು ತುಳಿಯುವುದನ್ನು ಬಿಟ್ಟು ಗಾರೆ ಕೆಲಸಕ್ಕೆ ಹೋಗುತ್ತಿರುವ ಕುಂಬಾರನನ್ನು ವೇದಿಕೆಗೆ ಕರೆದು ಕೊಟ್ಟರೆ ಆತ ಏನು ಮಾಡಬೇಕು? ನಗಬೇಕು. ಫೋಟೊ ತೆಗೆಯುವವನು ಹಾಗೆ ಹೇಳುತ್ತಾನೆ.

ಕಪ್ಪಿಗೆ ಏರಲಾಗದ ವೀರರೂ ನಮ್ಮಲ್ಲಿದ್ದಾರೆ. 1939ರಲ್ಲಿ ತುರುವನೂರಿನ ಸುತ್ತ ಅರಣ್ಯ ಸತ್ಯಾಗ್ರಹ ನಡೆಯಿತು. ಹೆಂಡ ಸುರಿಸುವ ಈಚಲು ಮರಗಳನ್ನು ಜನ ಗುಂಪು ಕಟ್ಟಿ ಕಡಿದು ಜೈಲಿಗೆ ಹೋದರು. ಎಷ್ಟು ಜನ, ಎಷ್ಟು ಕೊಡಲಿ! ಇವರ ಫೋಟೊ ಇಲ್ಲ, ಮೀಸೆ ಗೊತ್ತಿಲ್ಲ, ಮೇಲಾಗಿ ಹೆಂಡದ ವಿರುದ್ಧ ಹೋರಾಡಿದವರನ್ನು ಅಬಕಾರಿ ವರಮಾನದಲ್ಲಿ ನಡೆಯುವ ಸಮಾರಂಭಕ್ಕೆ ಕರೆಯುವುದು ಶೋಭೆಯಲ್ಲ. ಆ ಸತ್ಯಾಗ್ರಹದಲ್ಲಿ ಜೈಲು ಕಂಡ ವಕೀಲ ನಿಜಲಿಂಗಪ್ಪನವರು 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಅವರಿದ್ದ ಮನೆಯನ್ನು ಸ್ಮಾರಕ ಮಾಡುತ್ತೇವೆಂದು ಸರ್ಕಾರ ಕಡತದ ಮೇಲೆ ಕಡತ ಕಟ್ಟುತ್ತ ಕೂತಿದ್ದಾಗ, ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಹೊರಬಿತ್ತು. ಆಗ ಎಲ್ಲರಿಗೂ ದುಃಖವಾಯಿತು. ದುಃಖಕ್ಕೆ ಕಪ್ಪು ಸಾಕಾಗುತ್ತದೆ. ಮನೆಗೆ ಮೇಲ್ಛಾವಣಿ, ಕಾವಲು, ವರ್ಷವರ್ಷ ಅನುದಾನ ಬೇಕು.

ಓಬವ್ವನ ಕಥೆಯಲ್ಲಿ ಕಪ್ಪು ಇಲ್ಲ, ಕೊಡ ಇದೆ. ಎಲ್ಲರೂ ಒನಕೆಯನ್ನು ನೋಡುವ ಭರದಲ್ಲಿ ಅದನ್ನು ಮರೆತಿದ್ದೇವೆ. ಅವಳ ಗಂಡ, ಕಹಳೆಯ ಮುದ್ದಹನುಮ ಊಟಕ್ಕೆ ಕೂತ, ಕುಡಿಯುವ ನೀರಿರಲಿಲ್ಲ, ಅವಳು ಕೊಡ ಹಿಡಿದು ತಣ್ಣೀರು ದೋಣಿಯ ಕಡೆ ಹೊರಟಳು, ಕೋಟೆಯ ಕಿಂಡಿಯಲ್ಲಿ ಶತ್ರುಗಳು ತಲೆ ತೂರುತ್ತಿರುವ ಸದ್ದು ಕೇಳಿತು. ಅವತ್ತು ಮನೆಯಲ್ಲಿ ನೀರಿದ್ದಿದ್ದರೆ ಸ್ಟೇಡಿಯಂ ಇಲ್ಲ, ಪ್ರತಿಮೆ ಇಲ್ಲ, ಜಯಂತಿ ಇಲ್ಲ. ವೀರವನಿತೆಯ ಉತ್ಪಾದನೆಗೆ ಮೂಲ ಕಚ್ಚಾವಸ್ತು ಖಾಲಿ ಕೊಡ. ಈ ಸೂತ್ರ ಆಳುವವರಿಗೆ ಮೊದಲಿನಿಂದ ಗೊತ್ತು ಅಂತ ಕಾಣುತ್ತದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಮನೆಮುಂದೆ ಸಾಲಾಗಿ ಖಾಲಿ ಬಿಂದಿಗೆ, ಕೊಳವೆಬಾವಿಗೆ ಸಾವಿರ ಅಡಿ. ಪೀಳಿಗೆ ಪೀಳಿಗೆಯಾಗಿ ಓಬವ್ವರನ್ನು ತಯಾರು ಮಾಡುವ ಯೋಜನೆ ಎಲ್ಲೂ ನಿಂತಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಆಗ ಬಾಗಿನ ಬಿಡಲು ಬಂದ ಗಣ್ಯರ ಸಂಖ್ಯೆ ನೋಡಿದರೆ ಮಳೆ ಸುರಿಸಿದವರು ಇವರೇ ಇರಬೇಕು ಅನ್ನಿಸುತ್ತಿತ್ತು.

ಇದೇ ಸೀಮೆಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಎಂದು ಓದಿತು. ಸಂಸತ್ತಿನಲ್ಲಿ ಮೇಜು ಕುಟ್ಟಿದರು, ದುರ್ಗದಲ್ಲಿ ಪಟಾಕಿ ಹೊಡೆದರು. ಮೂರು ತಿಂಗಳಿಗೆ ವಿಧಾನಸಭೆ ಚುನಾವಣೆ. ಆಮೇಲೆ ರಾಜ್ಯದವರು ದುಡ್ಡು ಬಂದಿಲ್ಲ ಅಂದರು, ಕೇಂದ್ರದವರು ನಿಯಮ ನೋಡಬೇಕು ಅಂದರು. ರೈತರು ಕಾಲುವೆ ನೋಡುತ್ತಿದ್ದಾರೆ.

ಕಪ್ಪು ಒತ್ತುವ ಸ್ಟುಡಿಯೋಗಳಲ್ಲಿ ಒಂದು ಹೊಸ ನಮೂನೆಯ ಕಪ್ಪಿದೆ. ನೋಡಲು ಪೂರ್ತಿ ಕಡುಗಪ್ಪು. ಬಿಸಿ ಚಹಾ ಸುರಿದರೆ ಕರಿಬಣ್ಣ ಮಾಯವಾಗಿ ಒಳಗಿನ ಚಿತ್ರ ಮೇಲೇಳುತ್ತದೆ. ಆರಿದ ಮೇಲೆ ಮತ್ತೆ ಕತ್ತಲೆ. ಮ್ಯಾಜಿಕ್ ಮಗ್ ಅನ್ನುತ್ತಾರೆ.

"ಇದಕ್ಕೆ ಓಬವ್ವನ್ನ ಹಾಕಿಕೊಡ್ತೀಯೇನಪ್ಪಾ?" ಎಂದು ಸ್ಟುಡಿಯೋದವನನ್ನು ಕೇಳಿದೆ.

"ಯಾರ್ದಾದ್ರೂ ಹಾಕ್ತೀನಿ ಸಾರ್, ರೇಟು ಒಂದೇ. ನಿಮ್ ಮೊಮ್ಮಗೂದಾದ್ರೂ ಅಷ್ಟೆ, ಮದಕರಿನಾಯಕಂದಾದ್ರೂ ಅಷ್ಟೆ."

"ಮುಖ ಬೇಡ. ಬರೀ ಅಂಕಿ. 5,300 ಕೋಟಿ ಅಂತ."

ಅವನು ಕಪ್ಪನ್ನು ತಿರುಗಿಸಿ ನೋಡಿದ. "ಹಾಕಬಹುದು ಸಾರ್. ಆದ್ರೆ ಬಿಸಿ ಇರೋವಾಗ ಮಾತ್ರ ಕಾಣಿಸುತ್ತೆ, ಆಮೇಲೆ ಕಾಣಲ್ಲ ಅಂತ ಕಂಪ್ಲೇಂಟ್ ತರಬಾರ್ದು."

"ತರಲ್ಲ. ಯಾವಾಗ ಸಿಗುತ್ತೆ?"

"ಎಲೆಕ್ಷನ್ ಹೊತ್ತಿಗೆ ಬನ್ನಿ."